ಠಸ್ಸೆಯಿಲ್ಲದ ಕಡಗ

ಮೂವತ್ತನಾಲ್ಕು ವರ್ಷ ನಾನು ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದವಳು. ಸಿದ್ದಾಪುರದಲ್ಲಿ ಶುರುವಾಗಿ, ನಡುವೆ ಎಂಟು ವರ್ಷ ಯಲ್ಲಾಪುರ ಕಂಡು, ಕಡೆಗೆ ಶಿರಸಿಯಲ್ಲಿ ನಿವೃತ್ತಿಯಾಯಿತು. ಠಸ್ಸೆ ಹೊಡೆಯುವುದು ಏನು ಮಹಾ ವಿದ್ಯೆ ಎಂದು ನಗುವವರಿದ್ದಾರೆ. ನಗಲಿ. ಮಸಿ ಹರಡಿದ, ಅರ್ಧ ಮಾತ್ರ ಮೂಡಿದ, ಒಂದರ ಮೇಲೊಂದು ಬಿದ್ದ ಠಸ್ಸೆಗಳನ್ನು ಓದಿ, ಈ ಕಾಗದ ಯಾವ ಊರಿನಿಂದ ಯಾವ ತಾರೀಖಿಗೆ ಹೊರಟಿತು ಎಂದು ಕೌಂಟರಿನಲ್ಲಿ ಕೂಗಾಡುವವರ ಎದುರು ಹೇಳಬೇಕಾಗಿ ಬಂದರೆ ಗೊತ್ತಾಗುತ್ತದೆ. ನನ್ನ ಕಣ್ಣು ಪಳಗಿದ್ದು ಅಲ್ಲಿ. ನನ್ನ ನಾಲಿಗೆ ಹರಿತವಾದದ್ದೂ ಅಲ್ಲೇ ಎಂದು ನಮ್ಮ ಮನೆಯವರು ಹೇಳುತ್ತಾರೆ.

ನಿವೃತ್ತಿಯಾದ ಮೊದಲ ವರ್ಷ, ಅವ್ವನ ಬೆಳ್ಳಿ ಡಾಬನ್ನು ಉಜ್ಜುತ್ತ ಕೂತಿದ್ದಾಗ ಅದರ ಕೊಕ್ಕೆಯ ಒಳಬದಿಯಲ್ಲಿ ಅಕ್ಕಿಕಾಳಿನಷ್ಟು ಗುರುತೊಂದು ಕಂಡಿತು. ಕನ್ನಡಕ ಏರಿಸಿ, ಇಳಿಸಿ ನೋಡಿದೆ. ಮೀನು. ಬಾಲ ಸ್ವಲ್ಪ ಸವೆದಿತ್ತು. ಹುಟ್ಟಿದಾಗಿನಿಂದ ಆ ಡಾಬನ್ನು ನೋಡಿದ್ದೆ, ನನ್ನ ಮದುವೆಯಲ್ಲಿ ನಾನೇ ಕಟ್ಟಿಕೊಂಡಿದ್ದೆ, ಮೀನನ್ನು ಮಾತ್ರ ನೋಡಿರಲಿಲ್ಲ. ಯಾರ ಠಸ್ಸೆ ಇದು, ಯಾವ ಕಚೇರಿಯದು ಎಂದು ತಲೆ ತಿನ್ನಲು ಶುರುವಾಯಿತು. ಬನವಾಸಿ ಕಡೆಯ ತವರಿಗೆ ಹೋಗಿ ಹಣ್ಣುಹಣ್ಣು ಮುದುಕಿಯಾದ ಚಿಕ್ಕಮ್ಮನನ್ನು ಕೇಳಿದೆ. "ಅಯ್ಯ, ಅದು ಮೀನದ ಅಕ್ಕಸಾಲಿಗಂದು. ನಮ್ಮ ಕಡಿ ಎಲ್ಲಾರ ಮನ್ಯಾಗೂ ಅವನ ಸಾಮಾನು ಐತಿ. ನಿನಗ ಈಗ ಕಣ್ಣು ಬಂತೇನು?" ಎಂದಳು. ಹೌದು, ನನಗೆ ಕಣ್ಣು ಬಂದದ್ದು ಅರವತ್ತರ ಮೇಲೆಯೇ.

ಅಲ್ಲಿಂದ ಅದು ಹುಚ್ಚಾಯಿತು. ಮುಚ್ಚಿಹೋದ ಗಡಿಯಾರದ ಅಂಗಡಿಯೊಂದರಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದೆ. ಜೇನುಮೇಣ ತಂದೆ, ಅದನ್ನು ಅಂಗೈಯಲ್ಲಿ ನಾದಿ ಗುರುತಿನ ಮೇಲೆ ಒತ್ತಿದರೆ ಕಣ್ಣಿಗೆ ಕಾಣದ ಗೆರೆಯೂ ಉಬ್ಬಿ ಬರುತ್ತದೆ. ತೆಳು ಕಾಗದವಿಟ್ಟು ಮೇಲೆ ಪೆನ್ಸಿಲ್ ತಿಕ್ಕಿ ಪಡಿಯಚ್ಚು ತೆಗೆದು ನೋಟ್‌ಬುಕ್ಕಿಗೆ ಅಂಟಿಸತೊಡಗಿದೆ. ಸುದ್ದಿ ಹರಡಿ ಜನ ಮನೆಗೇ ಒಡವೆ ತರತೊಡಗಿದರು. ಟಪಾಲಿನ ಅಕ್ಕ ಎಂದು ಕರೆಯುತ್ತಿದ್ದವರು ಈಗ ಠಸ್ಸೆ ಅಕ್ಕ ಎನ್ನುತ್ತಾರೆ. ನನ್ನ ಕಟ್ಟುಪಾಡು ಎರಡೇ. ಬೆಲೆ ಹೇಳುವುದಿಲ್ಲ, ಕೇಳಿದವರನ್ನು ಪೇಟೆಗೆ ಅಟ್ಟುತ್ತೇನೆ. ತಂದವರ ಹೆಸರು ಬರೆದುಕೊಳ್ಳುವುದಿಲ್ಲ. ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿ ನನಗೆ ಬೇಡ.

ಬರುವವರಿಗೆ ಫೋನಿನಲ್ಲೇ ಹೇಳಿರುತ್ತೇನೆ, ತೊಳೆಯದೆ ತನ್ನಿ ಎಂದು. ಕೇಳುವವರು ಯಾರು? ಹೊರಗಿನವರ ಎದುರು ಕಪ್ಪು ಬೆಳ್ಳಿ ಇಡುವುದು ಮರ್ಯಾದೆಗೆ ಕಡಿಮೆ ಎಂದು ಹಿಂದಿನ ದಿನ ಕೂತು ವಾಟೆಹುಳಿ, ಬೂದಿ, ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ತರುತ್ತಾರೆ. ಮೂರು ತಲೆಮಾರು ಹೀಗೆ ತಿಕ್ಕಿಸಿಕೊಂಡ ಠಸ್ಸೆ ನನ್ನ ಕೈಗೆ ಬರುವಾಗ ಬರಿಯ ತಗ್ಗು. ನನಗೆ ಸಿಟ್ಟು ಬರುತ್ತದೆ, ಬೈಯುತ್ತೇನೆ. ಅವರು ನಕ್ಕು ಚಹಾ ಕುಡಿದು ಹೋಗುತ್ತಾರೆ.

ಠಸ್ಸೆ ಎಂದೂ ಒಡವೆಯ ಮುಖದ ಮೇಲಿರುವುದಿಲ್ಲ. ಡಾಬಿನ ಕೊಕ್ಕೆಯ ಒಳಗೆ, ಕಾಲುಂಗುರದ ಅಡಿಗೆ, ಕಡಗದ ತುದಿಯ ಹಿಂಬದಿಗೆ, ಕುಂಕುಮದ ಭರಣಿಯ ತಳಕ್ಕೆ ಹೀಗೆ ಮೈಗೋ ನೆಲಕ್ಕೋ ತಾಗುವ ಕಡೆ ಇರುತ್ತದೆ. ನಮ್ಮ ಕಡೆಯ ಹಳೆಯ ಅಕ್ಕಸಾಲಿಗರು ಚಿತ್ರ ಹೊಡೆಯುತ್ತಿದ್ದರು: ಮೀನು, ಭತ್ತದ ತೆನೆ, ಮೂರು ಚುಕ್ಕೆ. ಕೊಲ್ಲಾಪುರದ ಕಡೆಯಿಂದ ಹುಬ್ಬಳ್ಳಿ ಪೇಟೆಗೆ ಬರುತ್ತಿದ್ದ ಸಿದ್ಧ ಮಾಲಿಗೆ ವ್ಯಾಪಾರಿಯ ಅಕ್ಷರ ತಪ್ಪುವುದೇ ಇಲ್ಲ. ಇನ್ನು ಮುರಿದ ಒಡವೆಗೆ ಬೆಸುಗೆ ಹಾಕಿದವನು ಮೂಲದವನ ಠಸ್ಸೆಯ ಪಕ್ಕದಲ್ಲಿ ತನ್ನದನ್ನೂ ಹೊಡೆಯಬೇಕು. ನಾಳೆ ಅಲ್ಲೇ ಮತ್ತೆ ಬಿಟ್ಟರೆ ದೂರು ಯಾರ ಮನೆಗೆ ಹೋಗಬೇಕೆಂದು ತಿಳಿಯಲಿಕ್ಕೆ. ಇದು ಗೊತ್ತಿಲ್ಲದೆ ಮೊದಲ ವರ್ಷ ಬೆಸುಗೆಯವರನ್ನೆಲ್ಲ ಮಾಡಿದವರೆಂದು ಬರೆದಿಟ್ಟು ನಾಲ್ಕು ಹಾಳೆ ಹರಿದೆ.

ನನ್ನ ನೋಟ್‌ಬುಕ್ಕಿನಲ್ಲಿ ನನಗೆ ಅತಿ ಪ್ರೀತಿಯದು ಎಲೆಯ ಠಸ್ಸೆ. ತೊಟ್ಟು ಎಡಕ್ಕೆ ಬಾಗಿದ ಸಣ್ಣ ಎಲೆ, ಕೆಳಗೆ ಎರಡು ಚುಕ್ಕೆ. ಮೊದಲು ಸಿಕ್ಕಿದ್ದು ನಿಲ್ಕುಂದದ ಒಂದು ಮನೆಯ ಡಾಬಿನಲ್ಲಿ. ಆಮೇಲೆ ಸಿದ್ದಾಪುರದ ಸುತ್ತಲಿನ ಊರುಗಳಲ್ಲಿ ಕಾಲುಂಗುರ, ತೋಳುಬಂದಿ, ಯಲ್ಲಾಪುರದಲ್ಲಿ ಒಂದು ಭರಣಿ, ಎಲ್ಲ ಸೇರಿ ಏಳು. ಈ ಮನುಷ್ಯನ ಕೆಲಸದಲ್ಲಿ ಒಂದು ವಿಶೇಷವಿತ್ತು. ಹೊರಗಿನ ಹೂಬಳ್ಳಿ ಬೇರೆಯವರದಕ್ಕಿಂತ ಚೆಂದವೇನಲ್ಲ, ಒಳಮೈ ಮಾತ್ರ ಬಹಳ ನಯ. ಬಳಸಿದ ಸಾಬೂನಿನ ಹಾಗೆ ಬೆರಳು ಜಾರುತ್ತದೆ. ಅದನ್ನೂ ಬರೆದಿಟ್ಟೆ: ಒಳಮೈ ನಯ. ಯಾರು ಎಂದು ಮಾತ್ರ ಎರಡು ವರ್ಷ ಹುಡುಕಿದರೂ ಸಿಗಲಿಲ್ಲ. ಈಗಿನ ಅಂಗಡಿಯವರು ತಲೆಯಾಡಿಸಿಬಿಡುತ್ತಿದ್ದರು.

ಹೋದ ವರ್ಷ ನವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಸಿದ್ದಾಪುರದ ಬಸ್ಸಿಗೆ ಒಬ್ಬ ಹೆಂಗಸು ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ತೆಳ್ಳನೆಯ ದೇಹ, ಮೆಲ್ಲನೆಯ ಮಾತು. "ಬರ್ರಿ, ಕುಂದರ್ರಿ" ಎಂದು ನಾನು ಚಹಾ ಇಡಲು ಒಳಗೆ ಹೋದೆ. ತಿರುಗಿ ಬರುವಾಗ ಅವಳು ಮೇಜಿನ ಮೇಲಿದ್ದ ನೋಟ್‌ಬುಕ್ಕಿನ ಹಾಳೆ ತಿರುವುತ್ತ, ಒಂದು ಕಡೆ ಬೆರಳಿಟ್ಟು ಕೂತಿದ್ದಳು.

"ಇದು ನಮ್ಮಪ್ಪಂದು," ಎಂದಳು.

ಎಲೆ! ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಚಹಾ ಆರುತ್ತಿದ್ದುದೂ ಮರೆತು ಒಂದೇ ಸಮನೆ ಪ್ರಶ್ನೆ ಕೇಳಿದೆ, ಅವಳು ಹೇಳಿದಳು, ನಾನು ಬರೆದುಕೊಂಡೆ. ಅಪ್ಪ ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿ ಅಕ್ಕಸಾಲಿಗ. ಮನೆಯ ಮುಂದಿನ ಜಗುಲಿಯೇ ಕೆಲಸದ ಜಾಗ. ಅವ್ವ ಇವಳ ಎಳವೆಯಲ್ಲೇ ಹೋದಳು. ಇವಳ ಮದುವೆಯಾಗಿ ಆರು ತಿಂಗಳಿಗೆ ಅಪ್ಪನೂ ಹೋದ. ತುದಿಗೆ ಗುರುತು ಕೆತ್ತಿದ ಬೆರಳುದ್ದದ ಉಕ್ಕಿನ ಅಚ್ಚುಮೊಳೆಯನ್ನು ಅಣ್ಣ ಹನ್ನೆರಡನೆಯ ದಿನ ಹೊಳೆಗೆ ಹಾಕಿದ. ಹೊಡೆಯುವವನು ಸತ್ತ ಮೇಲೆ ಆ ಮೊಳೆ ಇನ್ನೊಬ್ಬರ ಕೈಗೆ ಹೋಗಬಾರದು. ಅಣ್ಣ ಈ ಕಸುಬು ಹಿಡಿಯಲೇ ಇಲ್ಲ.

ಇಷ್ಟು ಹೇಳಿ ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಒಂದು ಜೊತೆ ಕಾಲ್ಗಡಗ. ಗಟ್ಟಿ ಬೆಳ್ಳಿ, ಬಾಯಿ ತೆರೆದ ಬಗೆಯದು, ತುದಿಗಳಲ್ಲಿ ಮೊಗ್ಗು.

"ಇದು ನನ್ನ ಮದುವೆದು. ಪಾಲಿನ ಜಗಳದಲ್ಲಿ ಒಂದಿನ ಅಣ್ಣ ಅಂದ, ನಿನ್ನ ಕಡಗ ಅಪ್ಪ ಮಾಡಿದ್ದೇ ಅಲ್ಲ, ಕಣ್ಣು ಕಾಣ್ತಿರ್ಲಿಲ್ಲೆ ಹೇಳಿ ಹುಬ್ಬಳ್ಳಿ ಪೇಟೆಯಿಂದ ತಂದಿದ್ದು ಹೇಳಿ. ಊರಿನ ಹೆಣ್ಮಕ್ಕಳಿಗೆಲ್ಲ ಅಪ್ಪನ ಕೈಯಿಂದ ಮಾಡಿ ಕೊಟ್ಟಿದ್ದ. ನಂಗೆ ಮಾತ್ರ ಪೇಟೆ ಮಾಲು. ಅಣ್ಣನೂ ಈಗ ಇಲ್ಲೆ. ನಲವತ್ತು ವರ್ಷದಿಂದ ಇದನ್ನ ಕಾಲಿಗೆ ಹಾಕಿದ್ದಿಲ್ಲೆ, ಯಾರಿಗೂ ಕೊಟ್ಟಿದ್ದೂ ಇಲ್ಲೆ. ನೀವು ನೋಡಿ ಹೇಳಿ ಅಕ್ಕ. ಅಪ್ಪ ಮಾಡಿದ್ದಾ, ಅಲ್ದಾ?"

ಕಿಟಕಿಯ ಬೆಳಕಿಗೆ ಹಿಡಿದು ಹತ್ತು ನಿಮಿಷ ನೋಡಿದೆ. ತುದಿಗಳ ಹಿಂಬದಿ, ಮೊಗ್ಗಿನ ಬುಡ, ಒಳಸುತ್ತು. ಮೇಣ ಒತ್ತಿದೆ. ಏನೂ ಇಲ್ಲ. ಅನುಮಾನವೇ ಇಲ್ಲದಷ್ಟು ಖಾಲಿ.

"ಇಲ್ರಿ," ಎಂದೆ. "ಠಸ್ಸೆ ಇಲ್ಲ. ನಿಮ್ಮ ಅಪ್ಪಾರು ಸಣ್ಣ ಕಾಲುಂಗುರಕ್ಕೂ ಎಲಿ ಹೊಡಿಯೋದು ಬಿಟ್ಟಿಲ್ಲ. ಇದು ಅವರ ಕೆಲಸ ಅಲ್ಲ."

"ಹೌದಾ," ಎಂದಳು. ಅಷ್ಟೇ. ಗಂಟು ಕಟ್ಟಿದಳು, ಆರಿದ ಚಹಾ ಕುಡಿದಳು. ಎದ್ದು ನಿಂತ ಮೇಲೆ, "ಹಂಗಾದ್ರೆ ಮುರಿಗೆ ಹಾಕ್ತೆ. ಮೊಮ್ಮಗಳು ಹಬ್ಬಕ್ಕೆ ಗೆಜ್ಜೆ ಕೇಳ್ತಾ ಇದ್ದು. ಇಟ್ಟು ಎಂತ ಮಾಡುದು?" ಎಂದಳು. ಮುರಿಗೆ ಹಾಕುವುದೆಂದರೆ ಹಳೆಯ ಬೆಳ್ಳಿಯನ್ನು ಕರಗಿಸಲು ಕೊಟ್ಟು ಹೊಸದನ್ನು ತರುವುದು. ನಾನು ಬೇಡ ಎನ್ನಲಿಲ್ಲ. ಒಳ್ಳೇದಾತು ಎಂದೆ. ಅದೊಂದು ಮಾತನ್ನು ನಾನು ಈಗಲೂ ಮರೆತಿಲ್ಲ.

ಅವಳು ಹೋದ ಮೇಲೆ ನಮ್ಮ ಮನೆಯವರು, "ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲೇ" ಎಂದರು. "ಸುಳ್ಳು ಹೇಳಬೇಕಿತ್ತೇನು?" ಎಂದು ರೇಗಿದೆ. ಕಡ್ಡಿ ಮುರಿದಂತೆ ಹೇಳುವುದೇ ಪ್ರಾಮಾಣಿಕತೆ ಎಂದು ನಾನು ನಂಬಿದ್ದೆ. ಅವತ್ತು ಸಂಜೆ ಎಲೆಯ ಹಾಳೆಗೆ ಅವಳಪ್ಪನ ವಿವರವನ್ನೆಲ್ಲ ದುಂಡಗೆ ಬರೆದು ಮುಗಿಸಿ, ಬಹಳ ದೊಡ್ಡ ಕೆಲಸವಾಯಿತೆಂದು ಬೀಗಿದ್ದೂ ನಿಜ.

ಒಂದು ತಿಂಗಳಾಗಿರಬೇಕು. ಮನೆಯವರ ಮೊಣಕಾಲಿನ ಆಪರೇಷನ್ ಸರಿಹೋದದ್ದಕ್ಕೆ ಚಂದಗುಳಿಯ ಗಂಟೆ ಗಣಪತಿಗೆ ಹರಕೆಯಿತ್ತು. ಅಲ್ಲಿ ಹರಕೆ ತೀರಿದವರು ಗಂಟೆ ಕಟ್ಟುತ್ತಾರೆ. ಸಾಲು ಸಾಲು ಗಂಟೆ, ಬಹಳಷ್ಟರ ಮೇಲೆ ಕೊಟ್ಟವರ ಹೆಸರು, ಊರು. ನಮ್ಮದರ ಮೇಲೆ ಏನೂ ಇರಲಿಲ್ಲ. "ಹೆಸರಿಲ್ಲದಿದ್ರ ಯಾರು ಕೊಟ್ಟಿದ್ದಂತ ದೇವರಿಗೆ ಹೆಂಗ ತಿಳಿಬೇಕು? ಪಿನ್ ಕೋಡೂ ಬರೆಸಬೇಕಿತ್ತು" ಎಂದು ಛೇಡಿಸಿದೆ. "ಕಾಲು ಕೊಟ್ಟವನಿಗೆ ಕಾಲಿನವನ ಗುರುತು ಇಲ್ಲದೆ ಇರ್ತದಾ?" ಎಂದು ಅವರು ಗಂಟೆ ಕಟ್ಟಿ ಕೈಮುಗಿದರು.

ಬರುವಾಗ ಯಲ್ಲಾಪುರದಲ್ಲಿ ಇಳಿದೆವು. ನಾನು ಅಲ್ಲಿ ಕೆಲಸದಲ್ಲಿದ್ದಾಗ ನಮ್ಮ ಕಚೇರಿಯ ಎದುರಿಗೆ ಒಬ್ಬ ಅಕ್ಕಸಾಲಿಗರ ಅಂಗಡಿಯಿತ್ತು. ಊರಿಗೆಲ್ಲ ಅವರು ಬರಿಯ ಶೇಟ್ರು. ಈಗ ಎಂಬತ್ತೈದು ದಾಟಿದೆ, ಅಂಗಡಿ ಮಗನದು, ಅವರು ಮನೆಯ ಹಿಂದಿನ ಕೋಣೆಯಲ್ಲಿ ತಮ್ಮ ಹಳೆಯ ಕುಲುಮೆಯ ಹತ್ತಿರ ಕೂತು ಬೇಸರ ಕಳೆಯಲು ಏನಾದರೂ ತಿದ್ದುತ್ತಿರುತ್ತಾರೆ. ನೋಟ್‌ಬುಕ್ ಬಿಚ್ಚಿ ಎಲೆಯ ಹಾಳೆ ತೋರಿಸಿದೆ. ನೋಡಿದ್ದೇ ನಕ್ಕುಬಿಟ್ಟರು.

"ಇವನು! ನಾವಿಬ್ಬರೂ ಒಂದೇ ಗುರುವಿನ ಹತ್ರ ಕೂತು ಕಲಿತವರು. ಒಂದೇ ತಟ್ಟೆಲಿ ಉಂಡವರು."

ನಾನು ಖುಷಿಯಲ್ಲಿ ಒಳಮೈ ನಯದ ಮಾತೆತ್ತಿದೆ. ಅವರು ದೇವರ ಗೂಡಿನ ಬುಟ್ಟಿಯಿಂದ ಬತ್ತಿ ಹೊಸೆಯುವ ಹತ್ತಿ ತಂದು, ಒಂದು ಎಳೆ ಹಿಂಜಿ, ತಮ್ಮ ಕೈಯಲ್ಲಿದ್ದ ಬಳೆಯ ಒಳ ಅಂಚಿಗುಂಟ ಎಳೆದು ತೋರಿಸಿದರು. ಗುರು ಕಲಿಸಿದ್ದಂತೆ ಅದು. ಹತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಮತ್ತೆ ಅರ ಹಾಕಬೇಕು. ಮೈಗೆ ತಾಗುವ ಕಡೆ ಹತ್ತಿ ಸಿಕ್ಕಬಾರದು. "ಈಗ ಇದನ್ನ ಯಾರು ಮಾಡ್ತ್ರು? ನಾನು, ಅವನು, ಇಬ್ಬರೇ ಇದ್ದಿದ್ದು. ಈಗ ನಾನೊಬ್ಬ" ಎಂದರು.

ಅದೇ ಓಘದಲ್ಲಿ ನಾನು ಅವನ ಮಗಳು ಬಂದದ್ದು, ಕಡಗ ತಂದದ್ದು, ಠಸ್ಸೆಯಿಲ್ಲವೆಂದು ನಾನು ಪತ್ತೆ ಹಚ್ಚಿದ್ದು ಎಲ್ಲ ಹೇಳಿದೆ. ಶೇಟ್ರ ಮುಖದ ಮೇಲಿನ ನಗು ಹೋಯಿತು.

"ಎಂತ ಹೇಳಿದ್ರಿ ನೀವು? ಮನೆ ಮಗಳಿಗೆ ಯಾರಾದ್ರೂ ಠಸ್ಸೆ ಹೊಡೀತ್ರಾ?"

ಕೈಯಲ್ಲಿದ್ದ ಬಳೆಯನ್ನು ಅವರು ಮಣೆಯ ಮೇಲಿಟ್ಟರು.

"ಠಸ್ಸೆ ಎಂತಕ್ಕೆ ಹೊಡೆಯುದು? ನಾಳೆ ಕುಂದು ಬಂದ್ರೆ ಗಿರಾಕಿ ನಮ್ಮನ್ನ ಹುಡುಕ್ಕೊಂಡು ಬರ್ಲಿ ಹೇಳಿ. ಮಗಳು ಅಪ್ಪನ್ನ ಹುಡುಕ್ಕೊಂಡು ಬರೂಕೆ ಠಸ್ಸೆ ಬೇಕಾ? ನನ್ನ ಹೆಂಡತಿ ಮೈಮೇಲೆ, ಮಗಳ ಮೈಮೇಲೆ ಇರುದೆಲ್ಲ ನಾನೇ ಮಾಡಿದ್ದು. ಒಂದಕ್ಕೂ ಠಸ್ಸೆ ಇಲ್ಲ. ಹೊಡೆದ್ರೆ ಅವರನ್ನ ಗಿರಾಕಿ ಮಾಡಿದ ಹಂಗೆ."

ಆಗ ಒಂದೊಂದೇ ನೆನಪಾಯಿತು. ಆ ಕಡಗದ ಒಳಸುತ್ತಿನ ಮೇಲೆ ನಾನು ಹತ್ತು ನಿಮಿಷ ಬೆರಳಾಡಿಸಿದ್ದೆ. ಬೆರಳು ಜಾರಿತ್ತು. ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ "ಒಳಮೈ ನಯ" ಎಂದು ಬರೆದಿತ್ತು, ಅದೂ ಆ ಕಡಗದಿಂದ ಒಂದು ಗೇಣು ದೂರದಲ್ಲಿ. ಸಾಲದ್ದಕ್ಕೆ, ಅದು ಪೇಟೆಯ ಮಾಲಾಗಿದ್ದರೆ ವ್ಯಾಪಾರಿಯ ಅಕ್ಷರವಾದರೂ ಇರಬೇಕಿತ್ತಲ್ಲ? ಇದನ್ನು ನಾನೇ ಊರಿಗೆಲ್ಲ ಪಾಠ ಹೇಳಿದವಳು. ಠಸ್ಸೆ ಹುಡುಕುವ ಭರದಲ್ಲಿ ಒಡವೆಯನ್ನೇ ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ನಲವತ್ತು ವರ್ಷ ಆ ಹೆಂಗಸಿನ ಹತ್ತಿರ ಅನುಮಾನವಾದರೂ ಇತ್ತು. ಅದನ್ನೂ ನಾನು ಕಿತ್ತುಕೊಂಡು ಕಳಿಸಿದ್ದೆ.

ಮಾರನೆಯ ದಿನ ಮೊದಲ ಬಸ್ಸಿಗೆ ಸಿದ್ದಾಪುರಕ್ಕೆ ಹೋದೆ. ಹೆಸರು, ಫೋನ್ ನಂಬರು ಬರೆದುಕೊಳ್ಳದ ನನ್ನ ಶಿಸ್ತನ್ನು ದಾರಿಯುದ್ದಕ್ಕೂ ನಾನೇ ಶಪಿಸಿದೆ. ಹಳೆಯ ಕಚೇರಿಗೆ ಹೋಗಿ ಪೋಸ್ಟ್‌ಮ್ಯಾನ್‌ಗೆ ಹೇಳಿದೆ: ತೆಳ್ಳಗಿನ ಹೆಂಗಸು, ತವರು ಅಕ್ಕಸಾಲಿಗರ ಮನೆ, ಮೊಮ್ಮಗಳಿದ್ದಾಳೆ. "ಗಿರಣಿ ಪಕ್ಕದ ಮನೆ ಅಕ್ಕ" ಎಂದು ಅರ್ಧ ನಿಮಿಷದಲ್ಲಿ ಹೇಳಿದ. ನಮ್ಮ ಇಲಾಖೆಯ ಮೇಲೆ ಅವತ್ತು ಬಂದಷ್ಟು ಪ್ರೀತಿ ನೌಕರಿಯಲ್ಲಿದ್ದಾಗ ಬಂದಿರಲಿಲ್ಲ.

ಅಂಗಳ ದಾಟುವಾಗಲೇ ಒಳಗಿಂದ ಗೆಜ್ಜೆಯ ಸದ್ದು ಕೇಳಿತು. ಹೊಸ ಗೆಜ್ಜೆ. ಐದಾರು ವರ್ಷದ ಹುಡುಗಿ ಓಡಿ ಬಂದು ಬಾಗಿಲಲ್ಲಿ ನಿಂತು, ಅಜ್ಜಿಯನ್ನು ಕರೆಯಲು ಮತ್ತೆ ಓಡಿತು. ನನಗೆ ಅಲ್ಲಿಂದಲೇ ತಿರುಗಿ ಹೋಗಿಬಿಡೋಣ ಅನ್ನಿಸಿತು.

ಅವಳು ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು. ಕೂರುವ ಮೊದಲೇ ಹೇಳಿಬಿಟ್ಟೆ. "ನಂದು ತಪ್ಪಾತ್ರಿ. ಆ ಕಡಗ ನಿಮ್ಮ ಅಪ್ಪಾರು ಮಾಡಿದ್ದು." ಶೇಟ್ರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ಜಗುಲಿಯ ಕಟ್ಟೆಯ ಮೇಲೆ ಕೂತಳು. ಆಮೇಲೆ, "ಈಗ ಹೇಳಿ ಎಂತ ಮಾಡುದು ಅಕ್ಕ? ಕೊಟ್ಟು ಹದಿನೈದು ದಿನ ಆತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಏಳ್ರಿ, ಅಂಗಡಿಗೆ ಹೋಗೂಣು" ಎಂದೆ.

ಪೇಟೆಯ ಅಂಗಡಿಯವರು ಒಳ್ಳೆಯ ಮನುಷ್ಯ. ಮುರಿ ಬೆಳ್ಳಿಯನ್ನು ಒಂದು ಡಬ್ಬದಲ್ಲಿ ಹಾಕಿಡುತ್ತಾರಂತೆ, ತುಂಬಿದ ಮೇಲೆ ಹುಬ್ಬಳ್ಳಿಗೆ ಕರಗಿಸಲು ಕಳಿಸುವುದು. ಡಬ್ಬ ಇನ್ನೂ ತುಂಬಿರಲಿಲ್ಲ. ಮಣೆಯ ಮೇಲೆ ಸುರಿದರು. ತುಂಡು ಕಾಲುಂಗುರ, ಜಜ್ಜಿಹೋದ ಲೋಟ, ಮುರಿದ ಆರತಿ ತಟ್ಟೆ. ಅದರ ನಡುವೆ ಒಂದು ಕಡಗ ಇಡಿಯಾಗಿ ಸಿಕ್ಕಿತು. ಇನ್ನೊಂದು ಎರಡು ತುಂಡಾಗಿ ಸಿಕ್ಕಿತು. ಒಳಗೆ ಬೇರೆ ಲೋಹ ಇದೆಯೋ ಎಂದು ನೋಡಲು ಜೊತೆಯಲ್ಲಿ ಒಂದನ್ನು ಕತ್ತರಿಸುವುದು ಅಂಗಡಿಯ ರೂಢಿ. "ಅಪ್ಪಟ ಬೆಳ್ಳಿ" ಎಂದು ಅವರು ಸಮಾಧಾನ ಹೇಳಿದರು.

ಅಂಗಡಿಯ ದೇವರ ಪಟದ ಮುಂದಿನಿಂದ ಚೂರು ಹತ್ತಿ ಇಸಿದುಕೊಂಡೆ. ಎಳೆ ಹಿಂಜಿ ಇಡೀ ಕಡಗದ ಒಳಸುತ್ತಿಗೆ ಎಳೆದೆ. ಹೊರಗಿನ ಬಳ್ಳಿಗೆ ಎರಡು ಕಡೆ ಸಿಕ್ಕಿದ ಹತ್ತಿ ಒಳಗೆ ಎಲ್ಲಿಯೂ ಸಿಕ್ಕಲಿಲ್ಲ. ತುಂಡಾದದ್ದರ ಒಳಗೆ ಎಳೆದೆ. ಕತ್ತರಿ ಬಿದ್ದ ಬಾಯಿಯಲ್ಲಿ ಮಾತ್ರ ಸಿಕ್ಕಿತು. ಹತ್ತಿಯನ್ನು ಅವಳ ಕೈಗೆ ಕೊಟ್ಟೆ. ಅವಳೂ ಎಳೆದಳು, ಮೂರು ಸಲ, ನಾಲ್ಕು ಸಲ.

"ಮದುವೆಗೆ ಮುಂಚೆ ಅಪ್ಪಂಗೆ ಕಣ್ಣು ಪೂರ್ತಿ ಮಂಜಾಗಿತ್ತು," ಎಂದಳು. "ಜಗುಲಿ ಮೇಲೆ ಕೂತು ದಿನಾ ಹತ್ತಿ ಹಿಂಜ್ತಿದ್ದ. ಬತ್ತಿಗೆ ಹೇಳಿ ಅಂದ್ಕಂಡಿದ್ದೆ ನಾನು. ಕಣ್ಣು ಕಾಣ್ದೆ ಇದ್ರೂ ದೇವರ ಕೆಲಸ ಬಿಡ್ತಿಲ್ಲೆ ಹೇಳಿ."

ಅಂಗಡಿಯ ಬಾಗಿಲಲ್ಲೇ ಅವಳು ಅತ್ತಳು. ನಾನೂ ಅತ್ತೆ. ಅಂಗಡಿಯವರು ಪಾಪ, ಎರಡು ಲೋಟ ನೀರು ತಂದಿಟ್ಟರು. ಗೆಜ್ಜೆ ಮಗುವಿನ ಕಾಲಿಂದ ಬಿಚ್ಚುವ ಮಾತೇ ಇರಲಿಲ್ಲ. ಕಡಗದ ತೂಕಕ್ಕೆ ನಾನು ನನ್ನ ಬೆಳ್ಳಿ ಲೋಟ ಕೊಡುತ್ತೇನೆಂದೆ. ನಿವೃತ್ತಿಯ ದಿನ ಕಚೇರಿಯಲ್ಲಿ ಕೊಟ್ಟಿದ್ದು. ತಳದಲ್ಲಿ ಅಂಗಡಿಯ ಅಕ್ಷರ, ಶುದ್ಧತೆಯ ಅಂಕೆ, ಸರಕಾರದ ಮುದ್ರೆ, ಯಾವುದಕ್ಕೂ ಕೊರತೆಯಿರಲಿಲ್ಲ. ಒಂದು ದಿನವೂ ಅದರಲ್ಲಿ ನೀರು ಕುಡಿದಿರಲಿಲ್ಲ ನಾನು. ಅವಳು ಬೇಡವೆಂದಳು. ನಾನು ಗದರಿದೆ. ಅಂಗಡಿಯವರು ನನ್ನ ಮಾತು ನಂಬಿ ಅವತ್ತೇ ಕಡಗ ಕೊಟ್ಟರು, ಲೋಟ ಆ ವಾರವೇ ತಲುಪಿಸಿದೆ.

ಕತ್ತರಿಸಿದ್ದನ್ನು ಜೋಡಿಸಲು ಬೇರೆ ಯಾರ ಕೈಗೂ ಕೊಡುವ ಮನಸ್ಸಾಗಲಿಲ್ಲ. ಮುಂದಿನ ಸೋಮವಾರ ಅವಳು ಸಿದ್ದಾಪುರದಿಂದ ಶಿರಸಿಗೆ ಬಂದಳು, ಅಲ್ಲಿಂದ ಇಬ್ಬರೂ ಯಲ್ಲಾಪುರದ ಬಸ್ ಹತ್ತಿದೆವು. ಮಡಿಲಲ್ಲಿ ಗಂಟು ಇಟ್ಟುಕೊಂಡು ದಾರಿಯುದ್ದಕ್ಕೂ ಅಪ್ಪನ ಮಾತು ಹೇಳಿದಳು. ಕುಲುಮೆಗೆ ಊದುವಾಗ ಅವನ ಕೆನ್ನೆ ಕಪ್ಪೆಯ ಹಾಗೆ ಉಬ್ಬುತ್ತಿತ್ತಂತೆ, ಇವಳು ಬೆರಳಲ್ಲಿ ಚುಚ್ಚಿ ಬೈಸಿಕೊಳ್ಳುತ್ತಿದ್ದಳಂತೆ. ನಲವತ್ತು ವರ್ಷ ಈ ಮಾತನ್ನೆಲ್ಲ ಯಾರ ಹತ್ತಿರವೂ ಆಡಿರಲಿಲ್ಲ ಎಂದಳು.

ಶೇಟ್ರು ಅವಳ ಮುಖ ನೋಡಿ, ಕೂರಲು ಚಾಪೆ ತೋರಿಸಿದರು. ಕಡಗವನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಒಳಸುತ್ತಿಗೆ ಹೆಬ್ಬೆರಳು ಆಡಿಸಿ, "ಅವಂದೇ" ಎಂದರು. ಕುಲುಮೆಯ ಮುಂದೆ ಕೂತು ಊದುಗೊಳವೆ ಬಾಯಿಗಿಟ್ಟರು. ಅವರ ಕೆನ್ನೆ ಉಬ್ಬಿದ್ದನ್ನು ಅವಳು ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಬೆಸುಗೆ ಕರಗಿ ಸಂದಿಗೆ ಹರಿಯಿತು. ಹುಳಿನೀರಿಗೆ ಅದ್ದಿ, ಅರ ಹಾಕಿ, ಹತ್ತಿ ಎಳೆದರು. ಸಿಕ್ಕಿತು. ಮತ್ತೆ ಅರ ಹಾಕಿದರು. ಮತ್ತೆ ಸಿಕ್ಕಿತು. ನಾಲ್ಕನೆಯ ಸಲ ಹತ್ತಿ ಸುತ್ತು ತಿರುಗಿ ಸುಮ್ಮನೆ ಈಚೆ ಬಂತು.

ಆಮೇಲೆ ಅವರ ಬಲಗೈ ತಾನಾಗಿ ಮಣೆಯ ಪಕ್ಕದ ಡಬ್ಬಿಗೆ ಹೋಯಿತು. ಬೆಸುಗೆ ಹಾಕಿದವನು ತನ್ನ ಠಸ್ಸೆ ಹೊಡೆಯಬೇಕು, ಅರವತ್ತು ವರ್ಷದ ಅಭ್ಯಾಸ. ಅಚ್ಚುಮೊಳೆ ತೆಗೆದು, ಕಡಗವನ್ನು ಅಡಿಗಲ್ಲಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸುತ್ತಿಗೆ ಎತ್ತಿದರು. ನಾನು ಠಸ್ಸೆಯವಳು; ಎಲ್ಲಿ ಹೊಡೆಯುತ್ತಾರೆಂದು ನೋಡಲು ಬಗ್ಗಿದೆ. ಅವಳೂ ಕಡಗವನ್ನೇ ನೋಡುತ್ತ ಕೂತಿದ್ದಳು.

ಶೇಟ್ರು ಒಮ್ಮೆ ಅವಳ ಕಡೆ ನೋಡಿದರು. ಸುತ್ತಿಗೆ ಇಳಿಸಿದರು. ಅಚ್ಚುಮೊಳೆಯನ್ನು ತಿರುಗಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.

"ಠಸ್ಸೆ ಇಲ್ಲೆನ್ರಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಮನೆ ಮಗಳಿಗೆ ಯಾರಾದ್ರೂ ಹೊಡೀತ್ರಾ?" ಎಂದು ಗದರಿದರು. "ಕಾಲು ನೀಡು. ಬಾಯಿ ಅಗಲ ಮಾಡಬೇಕಾ ನೋಡ್ವ."